ಯಾರ ಎಣ್ಣೆ?

"ಇಂಜಿನ್ ಟಕ ಟಕ ಅಂತಿದೆ, ಬಿಚ್ಚಿ ನೋಡಿ ಅಕ್ಕ. ಯಾರ ಎಣ್ಣೆಯಿಂದ ಕಾರು ಹಾಳಾಗಿದೆ ಅಂತ ಇವತ್ತೇ ತೀರ್ಮಾನ ಆಗ್ಬೇಕು," ಎನ್ನುತ್ತ ಅಣ್ಣ ಕೀಲಿಯನ್ನು ಮೆಕ್ಯಾನಿಕ್ ಅಕ್ಕನ ಮೇಜಿನ ಮೇಲಿಟ್ಟ.

"ತಪ್ಪು ಯಾರದೋ ಅವರು ಕಾರು ಬಿಟ್ಟುಕೊಡ್ಬೇಕು ಅನ್ನೋ ಮಾತನ್ನೂ ಸೇರಿಸೋಕೆ ಹೇಳಿ ಅವರಿಗೆ," ಎಂದ ತಮ್ಮ, ಅಣ್ಣನ ಕಡೆ ತಿರುಗಿಯೂ ನೋಡದೆ.

ಅಣ್ಣ ಕೆಳಗಿನ ಮನೆ, ತಮ್ಮ ಮೇಲಿನ ಮನೆ, ಇಬ್ಬರಿಗೂ ಸೇರಿ ಹದಿನೈದು ವರ್ಷದ ಒಂದು ಕಾರು. ವಾರದಲ್ಲಿ ಮೂರು ದಿನ ಅವನದು, ಮೂರು ದಿನ ಇವನದು, ಭಾನುವಾರ ಕಾರಿಗೂ ರಜೆ. ಅಣ್ಣ ವಾಚ್ ರಿಪೇರಿಯವನು. ಮೂವತ್ತು ವರ್ಷದಿಂದ ಎಣ್ಣೆಯಲ್ಲೇ ಕೈಯಾಡಿಸಿದ ತನಗೆ ಯಾರೂ ಎಣ್ಣೆಯ ಪಾಠ ಹೇಳಬೇಕಿಲ್ಲ, ಹಳೆಯ ಇಂಜಿನ್ನಿಗೆ ಮಾಮೂಲಿ ಎಣ್ಣೆಯೇ ಸರಿ ಎಂಬುದು ಅವನ ಪಟ್ಟು. ತಮ್ಮ ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರು; ಪಾಠ ಹೇಳುವುದೇ ಅವನ ಕಸುಬು. ರಾಸಾಯನಿಕವಾಗಿ ತಯಾರಿಸಿದ ಸಿಂಥೆಟಿಕ್ ಎಣ್ಣೆಯ ಅಣುಗಳೆಲ್ಲ ಹೆಚ್ಚುಕಡಿಮೆ ಒಂದೇ ಅಳತೆಯವು, ಬಿಸಿಗೂ ಬಗ್ಗುವುದಿಲ್ಲ, ಚಳಿಗೂ ಕುಗ್ಗುವುದಿಲ್ಲ ಎಂದು ಅವನು ಊಟದ ತಟ್ಟೆಯ ಮುಂದೆ ಕೂತು ವಿವರಿಸಿದ ದಿನದಿಂದ ಅಣ್ಣತಮ್ಮಂದಿರದು ಎಣ್ಣೆ ಸೀಗೆಕಾಯಿ ಸಂಬಂಧವಾಯಿತು. ಮಾತು ಬಿಟ್ಟು ವರ್ಷವಾಗಿತ್ತು. ಏನೇ ಹೇಳಬೇಕಿದ್ದರೂ ನಡುವೆ ಮೂರನೆಯವರೊಬ್ಬರು ಬೇಕು, ಇವತ್ತು ಆ ಪಾಳಿ ಅಕ್ಕನ ಪಾಲಿಗೆ ಬಂದಿತ್ತು.

ಅಕ್ಕ ಕೀಲಿಯನ್ನು ತಕ್ಷಣ ಕೈಗೆತ್ತಿಕೊಳ್ಳಲಿಲ್ಲ. ಯಾಕೆಂದರೆ ಇಬ್ಬರೂ ವರ್ಷಪೂರ್ತಿ ಅವಳ ಹತ್ತಿರ ಗುಟ್ಟಾಗಿ ಬಂದುಹೋಗಿದ್ದರು. ತನ್ನ ದಿನ ಅಣ್ಣ ಬಂದು, "ಅವನು ಏನು ಸುರಿಸಿದಾನೋ, ಒಳಗಿರೋದನ್ನ ಪೂರಾ ಇಳಿಸಿ ಮಾಮೂಲಿ ಎಣ್ಣೆ ಹಾಕಿ, ತಮ್ಮನಿಗೆ ಗೊತ್ತಾಗೋದು ಬೇಡ," ಎನ್ನುವನು. ತಿಂಗಳು ಕಳೆಯುವುದರೊಳಗೆ ತಮ್ಮ ಬಂದು, "ಅಣ್ಣನ್ನ ನಂಬೋಕಾಗಲ್ಲ, ಹೊಸದಾಗಿ ಸಿಂಥೆಟಿಕ್ ಹಾಕಿ, ಅವನ ಕಿವಿಗೆ ಬೀಳ್ಬಾರದು," ಎನ್ನುವನು. ಮೊದಲೆರಡು ಸಲ ಅಕ್ಕ ಒಳಗೊಳಗೇ ನಕ್ಕು ಬಾಯಿಗೆ ಬೀಗ ಹಾಕಿಕೊಂಡಳು. ಮೂರನೆಯ ಸಲ "ಎಣ್ಣೆ ಇನ್ನೂ ಹೊಸದಾಗೇ ಇದೆಯಲ್ಲ" ಎಂದು ಹೇಳಿ ನೋಡಿದಳು; "ಹೇಳಿದಷ್ಟು ಮಾಡಿ" ಎನಿಸಿಕೊಂಡಳು. ಆಗಲೇ ಹೇಳಬೇಕಿತ್ತು. ಈಗ ನಿಜ ಹೇಳಿದರೆ ಇಬ್ಬರನ್ನೂ ಕುಣಿಸಿದವಳು ಎಂಬ ಹೆಸರು ಬರುತ್ತದೆ, ಇಪ್ಪತ್ತು ವರ್ಷ ಈ ಬೀದಿಯಲ್ಲಿ ಉಳಿಸಿಕೊಂಡ ನಂಬಿಕೆ ಮಣ್ಣುಪಾಲಾಗುತ್ತದೆ. ಹೇಳದಿದ್ದರೆ ತಪ್ಪಿಲ್ಲದ ಒಬ್ಬನ ಕಾರು ಹೋಗುತ್ತದೆ, ಅದರ ಜೊತೆಗೆ ಒಡಹುಟ್ಟಿದವನೂ ಹೋಗುತ್ತಾನೆ.

ಅವಳು ಇಂಜಿನ್ ಶುರು ಮಾಡಿದಳು. ಟಕ ಟಕ ಎಂಬ ಸದ್ದು ಕೇಳಿಸಿತು. ಅದು ಇಂಜಿನ್ನಿನ ಹೊಟ್ಟೆಯ ಸದ್ದಲ್ಲವೆಂದು ಅವಳಿಗೆ ಕೇಳಿದ ಕೂಡಲೇ ಗೊತ್ತಾಯಿತು. ಹೊಗೆ ಕೊಳವೆಯ ಮೇಲಿನ ತಗಡಿನ ಸ್ಕ್ರೂ ಸಡಿಲವಾಗಿತ್ತು. ಅರ್ಧ ಸುತ್ತು ಬಿಗಿ ಮಾಡಿದ್ದೇ ತಡ ಸದ್ದು ನಿಂತಿತು.

"ಸದ್ದು ಹೋಯ್ತು, ಸರಿ. ಒಳಗಿನ ಗತಿ ಏನಾಗಿದೆ ನೋಡಿ," ಎಂದ ಅಣ್ಣ. ಇದೊಂದರಲ್ಲಿ ತಮ್ಮನೂ ಅವನ ಪಕ್ಷವೇ.

ಅಕ್ಕ ಇಂಜಿನ್ನಿನ ಮೇಲಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟಳು. ಈ ವಯಸ್ಸಿನ ಕಾರುಗಳ ಒಳಗೆ ಅವಳು ಸಾಮಾನ್ಯವಾಗಿ ಕಾಣುತ್ತಿದ್ದದ್ದು ಸೀದ ಪಾತ್ರೆಯ ತಳದಂಥ ಕಪ್ಪು ಜಿಡ್ಡು. ಇಲ್ಲಿ ಚಕ್ರದ ಒಂದೊಂದು ಹಲ್ಲೂ ಫಳಫಳ ಹೊಳೆಯುತ್ತಿತ್ತು. ಇಷ್ಟು ಚೊಕ್ಕಟವಾದ ಹಳೆಯ ಇಂಜಿನ್ನನ್ನು ಅವಳು ತನ್ನ ಜನ್ಮದಲ್ಲೇ ನೋಡಿರಲಿಲ್ಲ.

"ನೋಡಿದ್ರಾ, ನನ್ನ ಎಣ್ಣೆ," ಎಂದರು ಇಬ್ಬರೂ, ಒಂದೇ ಉಸಿರಿನಲ್ಲಿ.

ಅಲ್ಲಿಗೇ ಮುಚ್ಚಳ ಹಾಕಿ ಇಬ್ಬರನ್ನೂ ಗೆದ್ದವರನ್ನಾಗಿಯೇ ಮನೆಗೆ ಕಳಿಸಬಹುದಿತ್ತು. ಆದರೆ ಅಕ್ಕನಿಗೆ ಈ ಗುಟ್ಟು ಹೊತ್ತು ಸಾಕುಸಾಕಾಗಿತ್ತು. ಬಟ್ಟೆಯಲ್ಲಿ ಕೈ ಒರೆಸಿಕೊಂಡು ಅಣ್ಣನ ಕಡೆ ತಿರುಗಿದಳು.

"ಈ ವರ್ಷ ಈ ಕಾರಿಗೆ ಹನ್ನೊಂದು ಸಲ ಎಣ್ಣೆ ಬದಲಾಯಿಸಿದೀನಿ. ನೀವು ಆರು ಸಲ ಬಂದ್ರಿ, ಇವರು ಐದು ಸಲ. ಒಬ್ಬರಿಗೆ ಗೊತ್ತಾಗದ ಹಾಗೆ ಇನ್ನೊಬ್ಬರು. ಯಾವ ಎಣ್ಣೆಗೂ ಕಪ್ಪಾಗೋಕೆ ಪುರುಸೊತ್ತೇ ಸಿಗಲಿಲ್ಲ. ಇಷ್ಟು ದಿನ ಬಾಯಿ ಬಿಡದೇ ಇದ್ದದ್ದು ನನ್ನ ತಪ್ಪು, ಬೈಯೋದಿದ್ರೆ ಬೈದುಬಿಡಿ. ಆದ್ರೆ ಇಂಜಿನ್ ಚೆನ್ನಾಗಿರೋದು ನಿಮ್ಮಿಬ್ಬರ ಎಣ್ಣೆಯಿಂದ ಅಲ್ಲ, ನಿಮ್ಮಿಬ್ಬರ ಜಗಳದಿಂದ."

ಬೈಗುಳಕ್ಕೆ ಅವಳು ಮೈ ಗಟ್ಟಿ ಮಾಡಿಕೊಂಡು ನಿಂತಳು. ಬೈಗುಳ ಅವಳ ಕಡೆ ಬರಲಿಲ್ಲ.

"ಆರು ಸಲ ಬಂದಿದ್ಯಾ ನೀನು?" ತಮ್ಮ ನೇರವಾಗಿ ಅಣ್ಣನನ್ನೇ ಕೇಳಿದ. "ವರ್ಷ ಬಾಳೋ ಎಣ್ಣೆನ ತಿಂಗಳಿಗೇ ಚೆಲ್ಲಿಸ್ತಾ ಇದ್ಯಾ?"

"ನೀನೇನು ಕಡಿಮೆನಾ?" ಎಂದ ಅಣ್ಣ. "ನಾನು ಹಾಕಿಸಿದ್ದು ಬಿಸಿ ಆಗೋಕೂ ಬಿಡ್ಲಿಲ್ಲ ನೀನು." ಆಮೇಲೆ ಅಕ್ಕನ ಕಡೆ ತಿರುಗಿ, "ಹೋಗ್ಲಿ, ಈಗ ಯಾವುದು ಹಾಕೋಣ? ನೀವೇ ಹೇಳಿಬಿಡಿ."

"ಈ ಇಂಜಿನ್ನಿಗೆ ಎರಡೂ ಆಗುತ್ತೆ. ಮಾಮೂಲಿ ಹಾಕಿದ್ರೆ ನಾಲ್ಕು ತಿಂಗಳಿಗೊಂದ್ಸಲ ತಪ್ಪದೆ ಬನ್ನಿ, ಸಿಂಥೆಟಿಕ್ ಹಾಕಿದ್ರೆ ವರ್ಷಕ್ಕೊಂದ್ಸಲ ಸಾಕು. ಯಾವುದು ಅಂತ ಇಬ್ಬರೂ ಒಟ್ಟಿಗೆ ಬಂದು ಹೇಳಿ. ಇನ್ಮೇಲೆ ಒಬ್ಬರೇ ಬಂದ್ರೆ ನಾನು ಬಾನೆಟ್ ಎತ್ತಲ್ಲ."

ಅವತ್ತು ಕಾರು ಅಣ್ಣನ ಪಾಲಿನದು. ಬಸ್ಸಿನಲ್ಲಿ ಬಂದಿದ್ದ ತಮ್ಮ ಬಸ್ ನಿಲ್ದಾಣದ ಕಡೆ ನಾಲ್ಕು ಹೆಜ್ಜೆ ಹಾಕಿದವನು, ಮತ್ತೆ ತಿರುಗಿ ಬಂದು ಎಡಗಡೆಯ ಬಾಗಿಲು ತೆಗೆದು ಕೂತ. ಕಾರು ಗ್ಯಾರೇಜಿನ ಗೇಟಿನವರೆಗೆ ಹೋಗಿ ಅಲ್ಲೇ ನಿಂತಿತು. ಏರಿಸಿದ ಗಾಜಿನ ಒಳಗೆ ಇಬ್ಬರ ಬಾಯಿಯೂ ಒಟ್ಟಿಗೇ ಆಡುತ್ತಿತ್ತು, ಇಬ್ಬರ ಕೈಯೂ ಗಾಳಿಯಲ್ಲಿತ್ತು. ಹಿಂದೆ ನಿಂತ ವ್ಯಾನಿನವನು ಹಾರ್ನ್ ಮೇಲೆ ಹಾರ್ನ್ ಹೊಡೆದ. ಇಬ್ಬರಲ್ಲಿ ಒಬ್ಬರಿಗೂ ಅದು ಕೇಳಿಸಲಿಲ್ಲ.