ಬಂಪರಿನ ನಿಂಬೆಹಣ್ಣು

ಹಣ್ಣುಗಳು ಕೇಳಿದ ಮಾತನ್ನು ಒಂಬತ್ತು ದಿನ ಹಿಡಿದಿಟ್ಟುಕೊಂಡು, ಹಿಂಡಿದರೆ ಹಾಗೇ ಹೇಳುತ್ತಿದ್ದ ಕಾಲವದು. ಕೋರ್ಟೂ ಅವುಗಳ ಸಾಕ್ಷಿ ಒಪ್ಪುತ್ತಿತ್ತು.

ಲಾರಿ ಪಲ್ಟಿಯಾಗಿ ಡ್ರೈವರ್ ನಿಂಗಪ್ಪ ಸತ್ತ ಆರನೇ ದಿನ ಕಂಪನಿಯ ಮ್ಯಾನೇಜರ್ ಅವನ ಹೆಂಡತಿ ಶಂಕ್ರವ್ವನ ಬಾಗಿಲಿಗೆ ಬಂದ. "ತಪ್ಪು ನಿನ್ನ ಗಂಡಂದ. ಕೇಸ್ ಬಿಡು. ಲಾರಿ ಗುಜರಿಗೆ ಹೋಗೇತಿ, ಸಾಕ್ಷಿ ಎಲ್ಲೈತಿ?"

ಶಂಕ್ರವ್ವ ಸೆರಗಿನ ಗಂಟು ಬಿಚ್ಚಿದಳು. ಬಂಪರಿಗೆ ಕಟ್ಟಿದ್ದ ದೃಷ್ಟಿ ನಿಂಬೆಹಣ್ಣು! ರಸ್ತೆಯಲ್ಲಿ ಬಿದ್ದದ್ದನ್ನೆಲ್ಲ ಬಳಿದೊಯ್ದ ಕಂಪನಿಯವರು ಅದನ್ನು ಮಾತ್ರ ಮುಟ್ಟಲು ಹೆದರಿದ್ದರು. ಮೆಲ್ಲಗೆ ಒತ್ತಿದಳು.

"ಬ್ರೇಕ್ ಹಿಡೀವಲ್ದು ಸಾಹೇಬ್ರ" ಎಂದಿತು, ಲಾರಿ ಹೊರಡುವ ಮುಂಚೆ ಅದರ ಮುಂದೆ ನಿಂತು ಆಡಿದ್ದ ನಿಂಗಪ್ಪನ ದನಿ.

"ಬಾಯಿ ಮುಚ್ಚಿ ಗಾಡಿ ಹೊಡಿ" ಎಂದಿತು ಮ್ಯಾನೇಜರನ ದನಿ.

ಶಂಕ್ರವ್ವ ಹಣ್ಣನ್ನು ಅವನ ಮುಂದೆ ಚಾಚಿದಳು. "ಸಾಕ್ಷಿ ಕೇಳಿದ್ರಲ್ಲ, ತಗೋರಿ."

ಅವನು ಹಿಂದೆ ಸರಿದ.

"ಮುಟ್ಟಂಗಿಲ್ಲೇನ್ರಿ? ಹಂಗಾರ ನಾಳೆ ಜಡ್ಜ್ ಸಾಹೇಬ್ರು ಹಿಂಡ್ತಾರ, ನಿಂತು ಕೇಳ್ರಿ."