ಊರು ಮೊದಲಾ, ತಿಂಗಳು ಮೊದಲಾ?

"ಇದು ನನಗೇ ಹೊಳೆದದ್ದು ಸರ್," ಎನ್ನುತ್ತಾ ಅವನು ಬೋರ್ಡಿನ ಮೇಲೆ ಗೆರೆ ಎಳೆದ. ಕಂಪನಿಯ ಕಂಪ್ಯೂಟರಿನಲ್ಲಿದ್ದ ಕೋಟ್ಯಂತರ ಸಾಲುಗಳ ಲೆಕ್ಕದ ಟೇಬಲ್ಲನ್ನು ಊರು, ತಿಂಗಳು ಎರಡೂ ಕಾಲಮ್ಮುಗಳ ಮೇಲೆ ಪಾರ್ಟಿಷನ್ ಮಾಡಿ ತುಂಡುತುಂಡಾಗಿ ಇಡಬೇಕೆಂದು ನಿನ್ನೆ ಊಟದ ಹೊತ್ತಿಗೆ ಅವನಿಗೆ ಬಿಡಿಸಿ ಹೇಳಿದವಳು ಮೂಲೆಯ ಕುರ್ಚಿಯಲ್ಲಿದ್ದಳು. "ಅಕ್ಕಾ, ತಲೆ ಅಂದ್ರೆ ನಿಮ್ಮದು!" ಅಂದಿದ್ದ ಆಗ.

"ಮೇಡಂ ಕೂಡ ಸ್ವಲ್ಪ ಸಹಾಯ ಮಾಡಿದ್ರು," ಅಂದ ಈಗ. ಇಷ್ಟು ದಿನ ಬಾಯಿತುಂಬ ಅಕ್ಕಾ ಎಂದವನು!

"ಭೇಷ್! ಆದರೆ ಯಾವ ಕಾಲಮ್ ಮೊದಲು?" ಮ್ಯಾನೇಜರ್ ಕೇಳಿದರು. "ಅದು ತಪ್ಪಿದರೆ ಪ್ರತಿ ಸಲ ಇಡೀ ಟೇಬಲ್ ಜಾಲಾಡಬೇಕಾಗುತ್ತಲ್ಲ?"

ಅವನು ಮೂಲೆಯ ಕುರ್ಚಿಯತ್ತ ತಿರುಗಿದ. ನಿನ್ನೆ ಆ ಮಾತು ಬರುವ ಮೊದಲೇ ಕೈ ತೊಳೆಯಲು ಎದ್ದುಹೋಗಿದ್ದ.

"ಅಕ್ಕಾ..." ಎಂದ ಮೆಲ್ಲಗೆ.

ಅವಳು ನಿಧಾನವಾಗಿ ನೀರು ಕುಡಿದು ಲೋಟ ಕೆಳಗಿಟ್ಟಳು. "ಮೇಡಂ ಅಂತಲೇ ಕರೀರಿ."