ಎಡತೋಳು

ಚಿಂಪಾಂಜಿ ಕಂಬಿಗಳ ನಡುವಿನಿಂದ ಎಡತೋಳನ್ನು ಶೈಲಜಾಳತ್ತ ಚಾಚಿ, ಮುಷ್ಟಿ ಬಿಗಿದು, ಮುಖವನ್ನು ಮಾತ್ರ ಆಚೆ ತಿರುಗಿಸಿಕೊಂಡಿತು. ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದ ಶೈಲಜಾ ಗಕ್ಕನೆ ನಿಂತಳು.

“ಪಾಪ, ಹಸದಂಗ ಕಾಣತೈತಿ,” ಎನ್ನುತ್ತ ಅತ್ತೆ ದ್ಯಾಮವ್ವ ಚೀಲದೊಳಗೆ ಬಾಳೆಹಣ್ಣು ತಡಕಿದರು.

“ಅತ್ತಿ, ನಡೀರಿ. ಫ್ರೀವೇದಾಗ ಟ್ರಾಫಿಕ್ ಆಗ್ತೈತಿ.” ಗುಡ್ಡದ ಮೇಲಿನ ಈ ಪ್ರಾಣಿಗಳ ಆಶ್ರಯಧಾಮಕ್ಕೆ ಬಂದಾಗಿನಿಂದ ಅವಳು ಇದನ್ನು ಹೇಳುತ್ತಿದ್ದುದು ಮೂರನೇ ಸಲ.

ಪ್ರಾಣಿಗಳನ್ನು ನೋಡಿಕೊಳ್ಳುವ ಹೆಂಗಸು ಬೆರಗಾಗಿ ಹತ್ತಿರ ಬಂದಳು. ೧೯೮೫ರಲ್ಲಿ ಲ್ಯಾಬೊಂದರಿಂದ ಬಿಡಿಸಿ ತಂದದ್ದು, ಇಲ್ಲಿಗೆ ಬಂದ ಈ ಎರಡು ವರ್ಷದಲ್ಲಿ ಯಾರಿಗೂ ಹೀಗೆ ಕೈ ಕೊಟ್ಟಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಳು.

“ಏನಂತಾಳ ಆಕಿ?”

“ನಿಮ್ಮ ಸೀರಿ ಚಂದ ಐತಿ ಅಂತಾಳ್ರಿ.”

ಶೈಲಜಾ ಹಿಂದೆ ಲ್ಯಾಬಿನಲ್ಲಿ ರಕ್ತ ತೆಗೆಯುತ್ತಿದ್ದಳೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಯಾರ ರಕ್ತವೆಂದು ಯಾರೂ ಕೇಳಿರಲಿಲ್ಲ. ಸಕ್ಕರೆ ಕಾಯಿಲೆಯ ಅತ್ತೆಗೆ ತಿಂಗಳಿಗೊಮ್ಮೆ ಎಡತೋಳಿಗೆ ಸೂಜಿ ಚುಚ್ಚಿ, ತಪಾಸಣೆಗೆ ರಕ್ತ ತೆಗೆಯುವವಳೂ ಅವಳೇ. “ನನ್ನ ಸೊಸಿ ಚುಚ್ಚಿದ್ದು ಗೊತ್ತ ಆಗಂಗಿಲ್ಲ” ಎಂದು ದ್ಯಾಮವ್ವ ಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

ಅವರು ಸುಲಿದ ಹಣ್ಣನ್ನು ಮುಂದೆ ಹಿಡಿದರು. ಚಿಂಪಾಂಜಿ ಅತ್ತ ನೋಡಲಿಲ್ಲ, ಮುಷ್ಟಿ ಸಡಿಲಿಸಲೂ ಇಲ್ಲ. ಅಷ್ಟರಲ್ಲಿ ಶೈಲಜಾಳ ಎರಡು ಬೆರಳು, ಅವಳಿಗೇ ಅರಿವಿಲ್ಲದೆ, ಅದರ ಮೊಣಕೈ ಸಂದಿಯನ್ನು ಮೆಲ್ಲಗೆ ತಟ್ಟಿ ನರ ಹುಡುಕತೊಡಗಿದವು.

ದ್ಯಾಮವ್ವ ಆ ಬೆರಳುಗಳನ್ನೇ ನೋಡುತ್ತ ನಿಂತರು. ಆಮೇಲೆ ತಮ್ಮ ಎಡತೋಳನ್ನು ಸೆರಗಿನೊಳಗೆ ಎಳೆದುಕೊಂಡರು.